ಸಾಬಾಣದ ಕಪಾಟು, ಅಳಿಯನ ಗಡ್ಡ

ಅಳಿಯ ಸಾಬಾಣ ವಾಪಸು ತಂದುಕೊಟ್ಟ ದಿನವೇ ನನಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಒಯ್ದ ಪುಸ್ತಕವನ್ನು ವಾಪಸು ಕೊಡುವವರಿದ್ದಾರೆ. ಒಯ್ದ ಕೊಡೆಯನ್ನು ವಾಪಸು ಕೊಡುವವರೂ ಅಪರೂಪಕ್ಕೆ ಸಿಗುತ್ತಾರೆ. ಆದರೆ ದಾಡಿ ಮಾಡಿಕೊಳ್ಳುವ ಸಾಬಾಣವನ್ನು ಯಾರೂ ವಾಪಸು ಕೊಡುವುದಿಲ್ಲ. ಬಳಸಿದ್ದರೆ ಅದು ಸವೆದಿರುತ್ತದೆ, ಕೊಡಲು ನಾಚಿಕೆಯಾಗುತ್ತದೆ. ಬಳಸಿಲ್ಲವೆಂದರೆ ಒಯ್ದದ್ದಾದರೂ ಏಕೆ?

ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಅವನು ಆ ಮರದ ಬಟ್ಟಲನ್ನು ಎರಡೂ ಕೈಯಿಂದ ನನ್ನ ಮುಂದೆ ಹಿಡಿದ. ಮುಚ್ಚಳ ತೆಗೆದು ನೋಡಿದೆ. ನಾನು ಕೊಟ್ಟಾಗ ಹೇಗಿತ್ತೋ ಹಾಗೆಯೇ ಇತ್ತು. ನಡುವಿನ ಸಣ್ಣ ಬಿರುಕು ಕೂಡ ಹಾಗೆಯೇ ಇತ್ತು. ಒಂದು ಹನಿ ನೀರು ಸೋಕಿರಲಿಲ್ಲ.

“ಯಾಕ್ರಿ, ಒಗ್ಗಲಿಲ್ಲೇನು?” ಎಂದೆ.

“ಹಂಗೇನಿಲ್ರಿ ಮಾವಾರ, ಛಲೋ ಐತಿ. ಸದ್ಯಕ್ಕ ನನಗ ಬ್ಯಾಡಾಗೇತಿ. ನಿಮ್ಮ ಕಡೇನ ಇರ್ಲಿ.”

‘ಸದ್ಯಕ್ಕೆ’ ಎಂಬ ಪದವನ್ನು ನಾನು ನಂಬುವುದಿಲ್ಲ. ಇಡೀ ನೌಕರಿಯನ್ನು ಆಡಿಟ್‌ನಲ್ಲಿ ಕಳೆದವನು ನಾನು. ಸದ್ಯಕ್ಕೆ ಫೈಲು ಸಿಗುತ್ತಿಲ್ಲ, ಸದ್ಯಕ್ಕೆ ಮಾಲು ಬೇರೆ ಗೋದಾಮಿನಲ್ಲಿದೆ, ಸದ್ಯಕ್ಕೆ ಸಾಹೇಬರು ರಜೆಯ ಮೇಲಿದ್ದಾರೆ ಎಂದವರ ಬೆನ್ನು ಹತ್ತಿ ಹೋದಾಗಲೆಲ್ಲ ಏನಾದರೊಂದು ಸಿಕ್ಕೇ ಸಿಕ್ಕಿದೆ. ಊರೂರು ಸುತ್ತಿ, ಮಂದಿ ಹೇಳಿದ್ದು ಖರೆಯೋ ಸುಳ್ಳೋ ಎಂದು ನೋಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಚಹಾ ಬೇಗ ಬಂದರೆ ಸಂಶಯ, ತಡವಾಗಿ ಬಂದರೂ ಸಂಶಯ. ನಿವೃತ್ತಿಯಾದ ಮೇಲೆ ಕುರ್ಚಿ ಹೋಯಿತು, ಸ್ವಭಾವ ಉಳಿಯಿತು. ಕಾಯಿಪಲ್ಯದವಳು ಕೇಳದೆಯೇ ನಾಲ್ಕು ಮೆಣಸಿನಕಾಯಿ ಹೆಚ್ಚಿಗೆ ಹಾಕಿದರೆ ನಾನು ಚೀಲದ ತಳ ನೋಡುತ್ತೇನೆ. ಇದಕ್ಕೆ ನನ್ನ ಹೆಂಡತಿ ರೋಗ ಅನ್ನುತ್ತಾಳೆ, ನಾನು ಅನುಭವ ಅನ್ನುತ್ತೇನೆ.

ಇಂಥವನಿಗೆ ಹಳೆಯ ಶೇವಿಂಗ್ ಸಾಬಾಣಗಳ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಈ ಹವ್ಯಾಸದ ಮುಕ್ಕಾಲು ಪಾಲು ಸಂಶಯವೇ. ಹುಬ್ಬಳ್ಳಿಯ ಹಳೆ ಪೇಟೆಯಲ್ಲಿ ತಾತನ ಕಾಲದ ಜನರಲ್ ಸ್ಟೋರುಗಳಿವೆ. ಅವುಗಳ ಅಟ್ಟದ ಮೇಲೆ, ಮಾರಾಟವಾಗದೆ ಉಳಿದ ಲ್ಯಾಂಪಿನ ಗಾಜು, ರಿಬ್ಬನ್ನಿನ ಸುರುಳಿಗಳ ನಡುವೆ, ಈಗ ಯಾರೂ ತಯಾರಿಸದ ಸಾಬಾಣಗಳು ಸಿಗುತ್ತವೆ. ಕಡ್ಡಿಯಂತೆ ಉದ್ದಕ್ಕಿರುವವು, ತಗಡಿನ ಡಬ್ಬಿಯವು, ಮರದ ಬಟ್ಟಲಿನಲ್ಲಿ ಕೂತ ದುಂಡನೆಯ ಬಿಲ್ಲೆಗಳು. ಮುಚ್ಚಿಹೋದ ಸಲೂನುಗಳ ಸಾಮಾನು ಹರಾಜಾದಾಗಲೂ ಒಂದೆರಡು ಬರುತ್ತವೆ. ಇವಕ್ಕೆ ಗಿರಾಕಿಗಳಿದ್ದಾರೆ ಎಂದು ಗೊತ್ತಾದ ಮೇಲೆ ಮಂದಿ ಶಾಣ್ಯಾ ಆದರು. ಹಳೆಯ ಬಟ್ಟಲಿಗೆ ಹೊಸ ಸಾಬಾಣವನ್ನು ಕರಗಿಸಿ ಹೊಯ್ದು, ಮೇಲೆ ಒಂದಿಷ್ಟು ಧೂಳು ಉಜ್ಜಿ ಮಾರುತ್ತಾರೆ.

ಮೋಸ ಹಿಡಿಯುವುದು ಕಷ್ಟವಲ್ಲ. ಹಳೆಯದು ಒಣಗಿ ಕುಗ್ಗಿರುತ್ತದೆ, ಬಟ್ಟಲಿನ ಅಂಚಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಬಿದ್ದಿರುತ್ತದೆ. ಹೊಯ್ದದ್ದು ಅಂಚಿಗೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಹಳೆಯದು ಪುಡಿಯಾಗುತ್ತದೆ, ಹೊಸದು ಸುರುಳಿಯಾಗಿ ಏಳುತ್ತದೆ. ವಾಸನೆಯ ಮಾತೇ ಬೇರೆ. ಹಳೆಯದರ ಮೇಲ್ಪದರ ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯಂತೆ ನಾರುತ್ತದೆ, ಬ್ರಶ್ಶಿನಿಂದ ಆ ಪದರ ಕಳೆದ ಮೇಲೆ ಒಳಗಿನ ಲ್ಯಾವೆಂಡರೋ ಗುಲಾಬಿಯೋ ನಿಧಾನಕ್ಕೆ ಏಳುತ್ತದೆ. ಅಷ್ಟು ವರ್ಷ ಅದು ಯಾರಿಗೂ ಹೇಳದೆ ಒಳಗೇ ಇತ್ತಲ್ಲ ಎಂದು ನನಗೆ ಪ್ರತಿ ಸಲ ಖುಷಿಯಾಗುತ್ತದೆ.

ಹೆಂಡತಿಗೆ ಆ ಖುಷಿಯಲ್ಲಿ ಪಾಲಿಲ್ಲ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಹಳೆಯ ಒಳ್ಳೆಯ ಸಾಬಾಣಗಳಲ್ಲಿ ಹೆಚ್ಚಿನವಕ್ಕೆ ದನದ್ದೋ ಕುರಿಯದ್ದೋ ಕೊಬ್ಬು ಹಾಕುತ್ತಿದ್ದರು ಎಂದು ಅವಳಿಗೆ ಯಾರೋ ಹೇಳಿದರು. ಅದಕ್ಕೇ ನೊರೆ ಅಷ್ಟು ದಪ್ಪಗೆ ನಿಲ್ಲುವುದು, ನಿಜವೇ. ಅವತ್ತೇ ನನ್ನ ಕಪಾಟು ಬಚ್ಚಲಿನಿಂದ ಹಿತ್ತಲಿಗೆ ಹೋಯಿತು. ಕಂಪೌಂಡ್ ಗೋಡೆಗೆ ಒಂದು ಮೊಳೆ, ಮೊಳೆಗೆ ಒಂದು ಕನ್ನಡಿ, ಕೆಳಗೆ ಒಂದು ನಳ. ಅಲ್ಲೇ ದಾಡಿ, ಅಲ್ಲೇ ಮುಖ ತೊಳೆಯುವುದು, ಆಮೇಲೆ ಸೀದಾ ಸ್ನಾನ, ಅಲ್ಲಿಯವರೆಗೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಇದರ ಮೇಲೆ ನೀರಿನ ಜಗಳ ಬೇರೆ. ಬೋರಿನ ನೀರಿಗೆ ನೊರೆ ಬರುವುದಿಲ್ಲ. ವಾರಕ್ಕೊಮ್ಮೆಯೋ ಯಾವಾಗಲೋ ಬರುವ ನಳದ ನೀರನ್ನು ನಾನು ಒಂದು ಕೊಡ ದಾಡಿಗೆಂದೇ ಎತ್ತಿಡುತ್ತೇನೆ. “ಕುಡಿಯೂ ನೀರ ಮಾರಿಗೆ ಬಡಕೊಳ್ಳೋ ಮಂದೀನ ಇಲ್ಲೇ ನೋಡಿದ್ದು ನಾ” ಎನ್ನುತ್ತಾಳೆ ಹೆಂಡತಿ. ಉತ್ತರ ಕೊಟ್ಟರೆ ಮಾತು ಬೆಳೆಯುತ್ತದೆಂದು ನಾನು ಗಲ್ಲಕ್ಕೆ ನೊರೆ ಹಚ್ಚಿಕೊಂಡುಬಿಡುತ್ತೇನೆ.

ಇಡೀ ಬಳಗದಲ್ಲಿ ಈ ಹುಚ್ಚಿಗೆ ನನಗೆ ಸಿಕ್ಕ ಒಬ್ಬನೇ ಜೊತೆಗಾರ ಅಳಿಯ. ಗೋಕುಲ ರಸ್ತೆಯಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ಮನೆಯೂ ಅಲ್ಲೇ ಹತ್ತಿರ. ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ಮನಸ್ಸಿನಲ್ಲಿ ಏಕವಚನ, ಮಗನಿದ್ದಿದ್ದರೆ ಹೇಗೋ ಹಾಗೆ. ಮದುವೆಯಾದ ಹೊಸದರಲ್ಲಿ ಹಬ್ಬಕ್ಕೆ ಬಂದವನು ಹಿತ್ತಲಿನಲ್ಲಿ ನನ್ನ ಸರಂಜಾಮು ನೋಡಿ, “ಮಾವಾರ, ನಾನೂ ಒಮ್ಮೆ ಹಚಗೊಂಡ ನೋಡ್ಲೇನ್ರಿ?” ಎಂದ. ಹೆಣ್ಣು ಕೊಟ್ಟ ಮಾವನನ್ನು ಮೆಚ್ಚಿಸಲು ನಾಟಕ ಹಾಕುತ್ತಿದ್ದಾನೆ ಎಂದುಕೊಂಡೆ. ಆದರೆ ಅವನು ಬ್ರಶ್ಶನ್ನು ಬಿಸಿನೀರಿನಲ್ಲಿ ನೆನೆಸಿ, ಅವಸರ ಮಾಡದೆ, ಬಿಲ್ಲೆಯ ಮೇಲೆ ಮೆಲ್ಲಗೆ ತಿರುಗಿಸಿದ ರೀತಿ ನೋಡಿ ಸಂಶಯ ಹೋಯಿತು.

ಅಲ್ಲಿಂದ ಮುಂದೆ ಭಾನುವಾರಗಳು ನಮ್ಮವು. ಒಮ್ಮೆ ಶಿರಗುಪ್ಪಿಯ ಕಿರಾಣಿ ಅಂಗಡಿಯಲ್ಲಿ ಹಳೆಯ ಮಾಲಿದೆ ಎಂದು ಕೇಳಿ ಅವನ ಸ್ಕೂಟರಿನ ಹಿಂದೆ ಕೂತು ಹೋದೆ. ಅಂಗಡಿಯವನು ಅಟ್ಟದಿಂದ ಗೋಣಿಚೀಲವೊಂದನ್ನು ಇಳಿಸಿ ಸುರಿದ. ಅರ್ಧಕ್ಕರ್ಧ ಇಲಿ ತಿಂದಿತ್ತು. “ಇಲಿಗೂ ಹಳೇದ ರುಚಿ ನೋಡ್ರಿ ಸಾಹೇಬ್ರ” ಎಂದು ಅಂಗಡಿಯವನು ನಕ್ಕ. ಅಳಿಯ ಮಾತ್ರ ನೆಲದ ಮೇಲೆ ಕೂತು, ಇಲಿ ಮುಟ್ಟದ ತುಂಡುಗಳನ್ನು ಒಂದೊಂದೇ ಮೂಸಿ ಬೇರೆ ಇಟ್ಟ. ಅವತ್ತು ವಾಪಸು ಬರುವಾಗ ದಾರಿಯುದ್ದಕ್ಕೂ ಇಬ್ಬರ ಅಂಗಿಗಳೂ ಗುಲಾಬಿ ವಾಸನೆ ಬೀರುತ್ತಿದ್ದವು.

ಒಂದೇ ಒಂದು ವಿಷಯ ನಾವು ಮಾತಾಡುತ್ತಿರಲಿಲ್ಲ. ಅವರಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡು ಸಲ ಬಸಿರು ನಿಂತು, ಉಳಿಯದೆ ಹೋಗಿತ್ತು. ಎರಡನೆಯ ಸಲ ಆಸ್ಪತ್ರೆಯಿಂದ ಬಂದ ಮಗಳು ನಮ್ಮ ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಳಿಯ ಅವಳ ಕಾಲ ಹತ್ತಿರ ಕೂತಿದ್ದ. ಇಂಥದ್ದಾದ ಮೇಲೆ ಗಂಡಸಿನ ಮನಸ್ಸು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ. ನನ್ನ ಭಯ ಅದೇ ಆಗಿತ್ತು, ಮತ್ತು ಈಗ ಹೇಳುತ್ತಿರುವುದೆಲ್ಲ ಆ ಭಯದಿಂದಲೇ ಹುಟ್ಟಿದ್ದು.

ಸಾಬಾಣ ವಾಪಸು ಬಂದ ದಿನ ಅವನ ಕೆನ್ನೆಯ ಮೇಲೆ ಕುರುಚಲು ಗಡ್ಡವಿತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದೆ ಒಂದು ಭಾನುವಾರ ಬಂದಾಗ ಗಡ್ಡ ತುಂಬಿತ್ತು, ಕಿವಿಯ ಮೇಲೆ ಕೂದಲು ಇಳಿದಿತ್ತು.

“ಏನ್ರಿ ಇದು, ಅಳಿಯಂದಿರ? ಹೊಸಾ ಫ್ಯಾಶನ್ನೇನು?”

“ಸುಮ್ನ ಬಿಟ್ಟೇನ್ರಿ ಮಾವಾರ” ಎಂದು ಕಣ್ಣು ತಪ್ಪಿಸಿದ.

ಸುಮ್ಮನೆ ಯಾರೂ ಏನನ್ನೂ ಬಿಡುವುದಿಲ್ಲ. ದಾಡಿಯ ಸುಖ ಕಂಡವನಂತೂ ಬಿಡುವುದೇ ಇಲ್ಲ. ಅವನು ಹೋದ ಮೇಲೆ ಬಟ್ಟಲನ್ನು ಹಿತ್ತಲಿಗೆ ಒಯ್ದು ಬಿಸಿಲಿನಲ್ಲಿ ಇಟ್ಟುಕೊಂಡು ನೋಡಿದೆ. ಬದಲಾಯಿಸಿದ್ದಾನೋ ಎಂಬುದು ನನ್ನ ಮೊದಲ ಸಂಶಯ. ಹೇಳಲು ಮುಜುಗರವಾಗುತ್ತದೆ, ಆದರೆ ಹಾಗೆ ಅನ್ನಿಸಿದ್ದು ನಿಜ. ಅಂಚಿನ ಸಂದು ನೋಡಿದೆ, ಉಗುರಿನಿಂದ ಕೆರೆದೆ, ಮೂಸಿದೆ. ನನ್ನದೇ ಬಿಲ್ಲೆ, ಅನುಮಾನವಿಲ್ಲ. ಹಾಗಾದರೆ ಕೊಬ್ಬಿನ ಸುದ್ದಿ ಅವನ ತಾಯಿಯ ಕಿವಿಗೆ ಬಿದ್ದಿರಬೇಕು. ಧಾರವಾಡದ ಹಳೆಯ ಮನೆತನ, ಮಡಿ ಜಾಸ್ತಿ. ಆದರೆ ಕೊಬ್ಬಿಲ್ಲದ ಸಾಬಾಣಗಳೂ ನನ್ನಲ್ಲಿದ್ದವು, ಅದು ಅವನಿಗೂ ಗೊತ್ತಿತ್ತು. ಸಾಬಾಣ ಬೇಡವಾದರೆ ಬೇರೆ ಸಾಬಾಣ ಹಚ್ಚಬಹುದು. ದಾಡಿಯನ್ನೇ ಬಿಡುವುದೇಕೆ?

ಕೆಲಸ ಹೋಗಿದೆಯೇ? ಕೆಲಸ ಹೋದವರು ಹೀಗೆ ಮುಖ ಬಿಟ್ಟು ತಿರುಗುವುದನ್ನು ನೋಡಿದ್ದೇನೆ. ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೊರಟು, ಎಲ್ಲೋ ಪಾರ್ಕಿನಲ್ಲಿ ಕೂತು ಸಂಜೆ ಬರುವವರು. ಒಂದು ದಿನ ಹೆಂಡತಿಗೆ ಬ್ಯಾಂಕಿನ ಕೆಲಸವಿದೆ ಎಂದು ಹೇಳಿ ಬಸ್ಸು ಹತ್ತಿ ಗೋಕುಲ ರಸ್ತೆಗೆ ಹೋದೆ. ಕಾರ್ಖಾನೆಯ ಎದುರಿನ ಚಹಾದಂಗಡಿಯಲ್ಲಿ ಕೂತು ಪೇಪರು ಬಿಡಿಸಿದೆ. ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತ ಮುದುಕನನ್ನು ನೋಡಿ ಅಂಗಡಿಯವನಿಗೆ ನನ್ನ ಮೇಲೆಯೇ ಸಂಶಯ ಬಂತು. “ಯಾರನ್ನ ಕಾಯಾಕತ್ತೀರಿ ಅಜ್ಜಾರ?” ಎಂದು ಮತ್ತೆ ಮತ್ತೆ ಕೇಳಿದ. ಕಾಯುತ್ತಿಲ್ಲ ಎಂದೆ. ಅವನು ನಂಬಲಿಲ್ಲ, ಒಳ್ಳೆಯ ಅಂಗಡಿಯವನು.

ಸಂಜೆ ಪಾಳಿ ಬಿಟ್ಟಾಗ ಅಳಿಯ ಉಳಿದವರ ಜೊತೆಗೇ ಹೊರಗೆ ಬಂದ. ಕುತ್ತಿಗೆಯಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ಡಬ್ಬಿ. ಕೆಲಸವಂತೂ ಇತ್ತು. ಸ್ಕೂಟರು ತೆಗೆದು ಮನೆಯ ದಾರಿ ಹಿಡಿಯದೆ, ಸ್ವಲ್ಪ ದೂರದ ಔಷಧಿ ಅಂಗಡಿಯ ಮುಂದೆ ನಿಂತ. ಚೀಟಿ ತೋರಿಸಿ ಏನನ್ನೋ ತೆಗೆದುಕೊಂಡು, ಅತ್ತಿತ್ತ ನೋಡಿ ಅಂಗಿಯೊಳಗೆ ಸೇರಿಸಿದ. ಡಬ್ಬಿಯ ಚೀಲ ಕೈಯಲ್ಲೇ ಇದ್ದರೂ ಅದರಲ್ಲಿ ಇಡಲಿಲ್ಲ.

ಮನೆಗೆ ಬರುವ ಬಸ್ಸಿನಲ್ಲೇ ಲೆಕ್ಕ ಕೂಡಿಸಿದೆ. ಗಡ್ಡ, ಔಷಧಿ, ಕಣ್ಣು ತಪ್ಪಿಸುವುದು. ಮುಖಕ್ಕೆ ಏನೋ ಆಗಿದೆ. ಕಜ್ಜಿಯೋ ಇನ್ನೇನೋ, ಅದನ್ನು ಮುಚ್ಚಲು ಗಡ್ಡ ಬಿಟ್ಟಿದ್ದಾನೆ. ಆಗಿದ್ದರೆ ನನ್ನ ಸಾಬಾಣದಿಂದಲೇ ಆಗಿರಬೇಕು. ಅಟ್ಟದ ಧೂಳು, ಇಲಿಯ ಹೊಲಸು, ಎಂಥೆಂಥದೋ ಎಣ್ಣೆ. ನನಗೆ ನೋವಾದೀತೆಂದು ಹೇಳದೆ ಇದ್ದಾನೆ. ಮರುದಿನ ಬೆಳಿಗ್ಗೆ, ಅವನು ಹಿಂದೆ ನನ್ನಿಂದ ಒಯ್ದು ಬಳಸಿದ ಸಾಬಾಣಗಳನ್ನೆಲ್ಲ ತೆಗೆದು ಒಂದೊಂದಾಗಿ ನನ್ನ ಕೆನ್ನೆಗೇ ಹಚ್ಚಿ ನೋಡಿದೆ. ಮತ್ತೆ ಮತ್ತೆ ಕೆರೆದು ಚರ್ಮ ಉರಿಯತೊಡಗಿತು, ಕಜ್ಜಿಯೇನೂ ಏಳಲಿಲ್ಲ.

ಇದರ ನಡುವೆ ಹೆಂಡತಿಯ ನಡೆಯೂ ಬದಲಾಗಿತ್ತು. ಆಗಾಗ ಡಬ್ಬಿ ಕಟ್ಟಿಕೊಂಡು ಮಗಳ ಮನೆಗೆ ಹೋಗುವಳು, ನಾನು ಬರುತ್ತೇನೆ ಎಂದರೆ “ನಿಮಗ್ಯಾಕ ಬಿಸಲಾಗ ತ್ರಾಸ?” ಎನ್ನುವಳು. ಮದುವೆಯಾದಾಗಿನಿಂದ ನನ್ನ ತ್ರಾಸಿನ ಬಗ್ಗೆ ಇಷ್ಟು ಕಾಳಜಿಯನ್ನು ನಾನು ಕಂಡಿರಲಿಲ್ಲ. ಮಗಳು ಫೋನಿನಲ್ಲಿ ಬೇಗ ಮಾತು ಮುಗಿಸುವಳು, ನವನಗರದ ಕಡೆ ಬಂದೇ ಇರಲಿಲ್ಲ. ಹಾಗಾದರೆ ವಿಷಯ ಕಜ್ಜಿಯಷ್ಟು ಸಣ್ಣದಲ್ಲ. ಅವನ ಮನಸ್ಸು ಬೇರೆ ಕಡೆ ಹೋಗಿದೆ, ಅಥವಾ ಎಲ್ಲ ಬಿಟ್ಟು ಯಾವುದೋ ಮಠ ಸೇರುವ ಯೋಚನೆ ಮಾಡಿದ್ದಾನೆ. ಮಗಳು ತಾಯಿಯ ಮುಂದೆ ಅಳುತ್ತಿದ್ದಾಳೆ. ನನ್ನಿಂದ ಮುಚ್ಚಿಟ್ಟಿದ್ದಾರೆ.

ಒಂದು ಭಾನುವಾರ ಹೆಂಡತಿ ಡಬ್ಬಿ ಕಟ್ಟುತ್ತಿದ್ದಾಗ ನಾನೂ ಚಪ್ಪಲಿ ಮೆಟ್ಟಿದೆ. ಬೇಡವೆಂದರೂ ಕೇಳಲಿಲ್ಲ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಬಟ್ಟಲು, ಬ್ರಶ್ಶು, ಕೊಬ್ಬಿಲ್ಲದ ಒಂದು ಗಂಧದ ಸಾಬಾಣ, ಬಾಟಲಿಯಲ್ಲಿ ನಳದ ನೀರು. ನನ್ನ ಉಪಾಯ ಸರಳವಾಗಿತ್ತು. ಅವನ ಗಲ್ಲಕ್ಕೆ ನೊರೆ ಹಚ್ಚಿಬಿಟ್ಟರೆ ಅವನು ದಾಡಿ ಮಾಡಿಕೊಳ್ಳಲೇಬೇಕು. ಗಡ್ಡ ಹೋದರೆ ಅದರ ಕೆಳಗೆ ಏನಿದೆಯೋ ಹೊರಗೆ ಬೀಳುತ್ತದೆ.

ಹೆಂಡತಿ ಒಳಗೆ ಹೋದಳು. ಅಳಿಯ ಮುಂಬಾಗಿಲ ಕಟ್ಟೆಯ ಮೇಲೆ ಸ್ಟೂಲು ಹಾಕಿ ಕೂತಿದ್ದ. ನಾನು ಎದುರಿಗೇ ಕೂತು ಸಾಮಾನು ಬಿಚ್ಚಿದೆ. “ಬರ್ರಿ, ಇವತ್ತ ಇಬ್ಬರೂ ಕೂಡಿ ದಾಡಿ ಮಾಡ್ಕೊಳ್ಳೂಣು” ಎಂದೆ. ಅವನು ಬೇಡವೆನ್ನುವಷ್ಟರಲ್ಲಿ ನೊರೆ ಎಬ್ಬಿಸಿಯಾಗಿತ್ತು. ಮೊದಲು ನನ್ನ ಒಂದು ಕೆನ್ನೆಗೆ ಬಳಿದುಕೊಂಡೆ.

“ನೋಡ್ರಿ, ನಾನೂ ಹಚಗೊಂಡೇನಿ. ಇದರಾಗ ಕೊಬ್ಬೂ ಇಲ್ಲ, ಏನೂ ಇಲ್ಲ. ನಿಮ್ಮ ಮಾರಿಗೆ ಏನ ಆಗಿದ್ರೂ ನನಗ ತೋರಸ್ರಿ. ನಾ ಬ್ಯಾರೇದಾಂವಲ್ಲ.”

ಹಾಗೆನ್ನುತ್ತಲೇ ಬ್ರಶ್ಶನ್ನು ಅವನ ಮುಖದ ಕಡೆ ಚಾಚಿದೆ. ಅವನು ಹಿಂದೆ ಸರಿದು ನನ್ನ ಮಣಿಕಟ್ಟು ಹಿಡಿದ. ಎಂದೂ ನನ್ನ ಎದುರು ದನಿ ಎತ್ತರಿಸದವನು, ಹಿಡಿದ ಹಿಡಿತಕ್ಕೆ ನನ್ನ ಎಲುಬು ನೋಯುತ್ತಿತ್ತು. ಸ್ಟೂಲು ಉರುಳಿತು. ಆ ಸಪ್ಪಳಕ್ಕೆ ಮಗಳು ಬಾಗಿಲಿಗೆ ಬಂದಳು.

“ಅಪ್ಪಾ, ಬ್ಯಾಡ! ಹಚ್ಚಬ್ಯಾಡ!” ಎಂದು ಕೂಗಿದಳು. ಚಿಕ್ಕವಳಿದ್ದಾಗ ಹಾವು ಕಂಡಾಗ ಹಾಗೆ ಕೂಗಿದ್ದಳು.

ಹೆಂಡತಿ ಅವಳ ಹಿಂದೆಯೇ ಬಂದು ನನ್ನ ಕೈಯಿಂದ ಬ್ರಶ್ಶು ಕಿತ್ತುಕೊಂಡಳು. “ಕಣ್ಣರ ಅದಾವೇನ್ರಿ ನಿಮಗ? ಸಾಬಾಣದಾಗಿನ ಬಿರುಕ ಕಾಣ್ತಾವು, ಅಳಿಯಂದಿರು ಯಾಕ ಗಡ್ಡಾ ಬಿಟ್ಟಾರನ್ನೂದು ಕಾಣಂಗಿಲ್ಲೇನು? ಬಸರ ಅದಾಳ್ರಿ ಅಕಿ!”

ನನ್ನ ಕೆನ್ನೆಯ ಮೇಲಿನ ನೊರೆ ಒಣಗಿ ಚರ್ಮ ಬಿಗಿಯುತ್ತಿತ್ತು. ಹೆಂಡತಿ ಬಸುರಿಯಾಗಿದ್ದಾಗ ಗಂಡ ದಾಡಿ ಮಾಡಿಕೊಳ್ಳಬಾರದು, ಕೂದಲು ತೆಗೆಸಬಾರದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯಲ್ಲಿ ಆ ಪದ್ಧತಿ ನನ್ನ ಅಪ್ಪನ ಕಾಲಕ್ಕೇ ಬಿಟ್ಟುಹೋಗಿತ್ತು. ಅಳಿಯನ ಮನೆಯಲ್ಲೂ ಹಿಂದಿನ ಎರಡು ಸಲ ಅದನ್ನು ಪಾಲಿಸಿರಲಿಲ್ಲ. ಈ ಸಲ ಅವನ ತಾಯಿ, ಮೊದಲ ತಿಂಗಳಿನಿಂದಲೇ ಗಡ್ಡ ಬಿಡು ಎಂದರಂತೆ. ಕೊಬ್ಬನ್ನೂ ಕಜ್ಜಿಯನ್ನೂ ಮಠವನ್ನೂ ಯೋಚಿಸಿದ ನನಗೆ, ಓಣಿಯ ಯಾವ ಅಜ್ಜಿಯಾದರೂ ಒಂದೇ ನೋಟಕ್ಕೆ ಹೇಳಬಹುದಾಗಿದ್ದ ಮಾತು ಹೊಳೆದಿರಲಿಲ್ಲ. ಹೆಂಡತಿಗೆ ಮೊದಲ ದಿನವೇ ಹೊಳೆದಿತ್ತು.

“ನನಗ್ಯಾಕ ಹೇಳಲಿಲ್ರಿ?” ಎಂದೆ. ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿತ್ತು.

ಅಳಿಯ ಸ್ಟೂಲನ್ನು ಎತ್ತಿ ನಿಲ್ಲಿಸಿದ. “ತಪ್ಪ ತಿಳ್ಕೋಬ್ಯಾಡ್ರಿ ಮಾವಾರ. ಹಿಂದ ಎರಡೂ ಸಲ ಖುಷಿಯಿಂದ ಎಲ್ಲಾರಿಗೂ ಹೇಳಿದ್ವಿ. ಆಮ್ಯಾಲ ಮತ್ತ ಎಲ್ಲಾರಿಗೂ ಹೇಳಬೇಕಾತು. ಒಬ್ಬೊಬ್ಬರಿಗೂ ಫೋನ್ ಹಚ್ಚಿ ಹೇಳಬೇಕಾತ್ರಿ. ಈ ಸಲ ಅಷ್ಟು ಧೈರ್ಯ ಆಗಲಿಲ್ಲ.”

ನಾನು ನಳದ ಹತ್ತಿರ ಹೋಗಿ ಮುಖ ತೊಳೆದುಕೊಂಡೆ. ತೊಳೆಯಲು ಬೇಕಾದದ್ದಕ್ಕಿಂತ ಬಹಳ ಹೊತ್ತು ತೊಳೆದುಕೊಂಡೆ. ಆಮೇಲೆ ಎಲ್ಲರೂ ಕೂತು ಉಂಡೆವು. ಅಂಗಿಯೊಳಗೆ ಸೇರಿದ ಔಷಧಿ ಮಗಳದ್ದು, ಸಹೋದ್ಯೋಗಿಗಳ ಕಣ್ಣಿಗೆ ಬೀಳದಿರಲಿ ಎಂದು ಅಡಗಿಸಿದ್ದು. ನಾನು ಪೇಪರಿನ ಹಿಂದೆ ಕೂತ ಕಥೆ ಕೇಳಿ ಮಗಳು ನಕ್ಕಳು. ಅವಳು ನಕ್ಕದ್ದು ನೋಡಿ ಎಷ್ಟು ದಿನವಾಗಿತ್ತೋ ನನಗೆ ನೆನಪಾಗಲಿಲ್ಲ.

ಅಂದಿನಿಂದ ನಾನು ಆ ಗಡ್ಡದ ಕಾವಲುಗಾರನಾದೆ. ಸಂಜೆ ಅಳಿಯ ವೀಡಿಯೊ ಕಾಲ್ ಮಾಡಿದರೆ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಗಲ್ಲಕ್ಕೆ. ಅದು ಗೊತ್ತಾಗಿ ಅವನು ಮಾತಿಗೆ ಮುಂಚೆ ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸುತ್ತಿದ್ದ. “ಭೇಷ್, ಇನ್ನೂ ಬೆಳೀಲಿ” ಎನ್ನುತ್ತಿದ್ದೆ. ಸಂಶಯ ಹೋಗಲಿಲ್ಲ, ಜಾಗ ಬದಲಾಯಿಸಿತು. ಡಾಕ್ಟರರ ನಗೆಯ ಮೇಲೆ ಸಂಶಯ, ದಾಳಿಂಬೆಯ ಬಣ್ಣದ ಮೇಲೆ ಸಂಶಯ, ಗೋಕುಲ ರಸ್ತೆಯ ತಗ್ಗುಗಳ ಮೇಲೆ ಸಂಶಯ. ಮಗಳು “ಆರಾಮದೇನಿ ಅಪ್ಪಾ” ಎಂದರೆ ಆ ದನಿಯನ್ನು ಮನಸ್ಸಿನಲ್ಲಿ ಉಗುರಿನಿಂದ ಕೆರೆದು ನೋಡುತ್ತಿದ್ದೆ. ನಾನು ಮಾತ್ರ ಹಿತ್ತಲಿನಲ್ಲಿ ಒಬ್ಬನೇ ದಾಡಿ ಮಾಡಿಕೊಳ್ಳುತ್ತಿದ್ದೆ. ಅವನು ಮತ್ತೆ ಬಂದು ಪಕ್ಕದಲ್ಲಿ ನಿಲ್ಲುವ ದಿನ ಯಾವ ಸಾಬಾಣ ತೆಗೆಯಬೇಕು ಎಂದು ಯೋಚಿಸುವುದೇ ಒಂದು ಸುಖವಾಗಿತ್ತು. ಕೂಸಿನ ಹೆಸರಿನ ಬಗ್ಗೆ ಮಾತಾಡಲು ಹೆಂಡತಿ ಬಿಡುತ್ತಿರಲಿಲ್ಲ, ಸಾಬಾಣದ ಬಗ್ಗೆ ಯೋಚಿಸಲು ಯಾರ ಅಡ್ಡಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ನಳ ಬಂದಿತ್ತು. ಹೆಂಡತಿ ಒಳಗೆ ಡ್ರಮ್ಮು ತುಂಬಿಸುತ್ತಿದ್ದಳು, ನಾನು ಹಿತ್ತಲಿನಲ್ಲಿ ಕೊಡ ಹಿಡಿದಿದ್ದೆ. ಮನೆಯ ಬದಿಯ ಸಂದಿಯಿಂದ ಅಳಿಯ ಬಂದ. ಮುಂಬಾಗಿಲಿನಿಂದ ಬಂದಿರಲಿಲ್ಲ, ಸ್ಕೂಟರಿನ ಸಪ್ಪಳವೂ ಕೇಳಿರಲಿಲ್ಲ. ಕನ್ನಡಿಯ ಪಕ್ಕಕ್ಕೆ ಬಂದು ನಿಂತ. ಗಡ್ಡ ಹಾಗೆಯೇ ಇತ್ತು. ಅದನ್ನು ನೋಡಿ ನನಗೆ ಸಮಾಧಾನವೇ ಆಯಿತು.

“ಮಾವಾರ” ಎಂದ. “ಒಂದ್ ಸಾಬಾಣ ಕೊಡ್ರಿ. ದಾಡಿ ಮಾಡ್ಕೋಬೇಕು.”

ಯಾರು ಏನು ಹೇಳಿದರೂ ನಂಬದೆ ಬದುಕಿದವನು ನಾನು. ಆ ಒಂದು ಮಾತನ್ನು ನಂಬದಿರಲು ಏನಾದರೂ ಸಿಗಲಿ ಎಂದು ಅವನ ಮುಖವನ್ನೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಕೊಡ ತುಂಬಿ ನೀರು ನನ್ನ ಕಾಲ ಮೇಲೆ ಹರಿಯುತ್ತಿತ್ತು.

“ಅಕಿ ಹೆಂಗದಾಳ?”

“ಅಕಿ ಆರಾಮದಾಳ್ರಿ. ದವಾಖಾನಿಯಿಂದ ಮನಿಗೆ ಕರಕೊಂಡ ಬಂದೇನಿ, ನಮ್ಮವ್ವ ಅದಾಳ ಕೂಡ. ಈ ಗಡ್ಡಾ ನೋಡಾಕ ಆಗವಲ್ದು ಅಂತಾಳ್ರಿ. ತಗದ ಬರ್ರಿ ಅಂದ್ಲು.” ಸ್ವಲ್ಪ ತಡೆದು, “ಮನ್ಯಾಗ ಕನ್ನಡಿ ಮುಂದ ನಿಂತಿದ್ದೆ, ಕೈ ಏಳಲಿಲ್ಲ. ಅದಕ್ಕ ಇಲ್ಲಿಗೆ ಬಂದೆ” ಎಂದ.

ನಳ ಬಂದ್ ಮಾಡಿ ಕಪಾಟು ತೆಗೆದೆ. ಅಷ್ಟು ವರ್ಷ ಆರಿಸಿ, ಮೂಸಿ, ಜಗಳ ಮಾಡಿ ಕೂಡಿಸಿದ್ದೆಲ್ಲ ಅಲ್ಲಿತ್ತು. ಗಂಧ, ಗುಲಾಬಿ, ಲ್ಯಾವೆಂಡರ್, ಲಾವಂಚ. ಒಂದರ ಮೇಲೂ ಕೈ ಇಡಲಾಗಲಿಲ್ಲ. ಇವನು ಇಲ್ಲಿಂದ ಹೋಗಿ ಅವಳ ಪಕ್ಕದಲ್ಲಿ ಕೂರುತ್ತಾನೆ. ಅವಳು ಅವನ ಮುಖಕ್ಕೆ ಮುಖ ಹಚ್ಚಿ ಅಳುತ್ತಾಳೆ. ಆಗ ಯಾವ ವಾಸನೆ ಇರುತ್ತದೋ ಅದು ಈ ಜನ್ಮಕ್ಕೆ ಅವಳನ್ನು ಬಿಡುವುದಿಲ್ಲ. ಎಲ್ಲೋ ಮದುವೆಮನೆಯಲ್ಲಿ, ಯಾರದೋ ಸೆರಗಿನಲ್ಲಿ ಗುಲಾಬಿ ಸುಳಿದರೂ ಅವಳಿಗೆ ಈ ದಿನ ವಾಪಸು ಬರುತ್ತದೆ.

“ಯಾವುದರ ಕೊಡ್ರಿ, ನಡೀತೈತಿ” ಎಂದು ಗಂಧದ್ದಕ್ಕೆ ಕೈ ಚಾಚಿದ.

“ಅದು ಒಣಗೇತ್ರಿ, ನೊರಿ ಬರಂಗಿಲ್ಲ” ಎಂದು ಸುಳ್ಳು ಹೇಳಿ ಅದನ್ನು ಹಿಂದಕ್ಕೆ ತಳ್ಳಿದೆ.

ಕಪಾಟಿನ ತಳದಲ್ಲಿ, ಎಸೆಯಲೆಂದು ಇಟ್ಟಿದ್ದ ಒಂದು ಬಿಲ್ಲೆಯಿತ್ತು. ಕೊಂಡು ತಂದು ಎಷ್ಟು ಪದರ ಕಳೆದರೂ ಒಳಗಿನಿಂದ ಏನೂ ಏಳದೆ, ಮೋಸಹೋದೆ ಎಂದು ಮೂಲೆಗೆ ಹಾಕಿದ್ದೆ. ಅದನ್ನು ತೆಗೆದು, ನಳದ ನೀರಿನಲ್ಲಿ ಬ್ರಶ್ಶು ಅದ್ದಿ ತಿರುಗಿಸಿದೆ. ನೊರೆ ಚೆನ್ನಾಗಿಯೇ ಬಂತು. ಬೆರಳ ತುದಿಗೆ ತೆಗೆದು ಮೂಸಿದೆ. ಸಂಶಯ ಹೋಗದೆ ಇನ್ನೊಮ್ಮೆ ಮೂಸಿದೆ. ಯಾವ ವಾಸನೆಯೂ ಇರಲಿಲ್ಲ.

ಅವನು ಮುಖ ಎತ್ತಿ ಕೊಟ್ಟ. ನಾನೇ ಹಚ್ಚಿದೆ.